ಉಪ್ಪಿನಕಾಯಿಯ ಪ್ರಶ್ನೆ, ನನ್ನ ಅರ್ಧ ಉತ್ತರ

ಬೋಧನಾಭ್ಯಾಸದಲ್ಲಿ ನಾನು ಮಾಡಿದ ಆರನೆಯ ಪಾಠದ ಬಗ್ಗೆ ಬರೆಯುತ್ತಿದ್ದೇನೆ. ಆ ಪಾಠಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು. ಅವಲೋಕನ ಪುಸ್ತಕದಲ್ಲಿ ‘ಜೀವನಾನುಭವಕ್ಕೆ ಸಂಬಂಧ ಕಲ್ಪಿಸಿದ್ದಾರೆ, ವಿದ್ಯಾರ್ಥಿಯ ಪ್ರಶ್ನೆಗೆ ತಕ್ಷಣ ಉತ್ತರಿಸಿದ್ದಾರೆ’ ಎಂಬ ಷರಾ ಈಗಲೂ ಇದೆ. ತಕ್ಷಣ ಕೊಟ್ಟ ಆ ಉತ್ತರ ಏನು ಮಾಡಿತು ಎಂಬುದು ಎರಡು ದಿನ ಕಳೆದ ಮೇಲೆ ನನಗೆ ತಿಳಿಯಿತು.

ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ಎಂಟನೆಯ ತರಗತಿ. ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಘಟಕದಲ್ಲಿ ಆಹಾರ ಸಂರಕ್ಷಣೆಯ ಭಾಗ ನನ್ನ ಪಾಲಿಗೆ ಬಂದಿತ್ತು. ಕಪ್ಪುಹಲಗೆಯ ಮೇಲೆ ‘ಉಪ್ಪು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ’ ಎಂದು ಬರೆದೆ. ಉಪ್ಪು ಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಜೀವಿ ಸೊರಗಿ ಸಾಯುತ್ತದೆ ಎಂದು ವಿವರಿಸಿದೆ. ಉದಾಹರಣೆಗೆ ಮಾವಿನಕಾಯಿ ಉಪ್ಪಿನಕಾಯಿಯನ್ನು ಹೆಸರಿಸಿದೆ. ಮಕ್ಕಳು ಬರೆದುಕೊಂಡರು. ಅಷ್ಟರಲ್ಲಿ ಮೂರನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

“ಮಿಸ್, ನಮ್ಮನಿ ಉಪ್ಪಿನಕಾಯಿಗೆ ಭಾಳ ಉಪ್ಪು ಹಾಕ್ಯಾರ್ರಿ. ಆದ್ರೂ ಮ್ಯಾಲ ಬೆಳ್ಳಗ ಬೂಷ್ಟು ಬಂದೈತಿ. ಯಾಕ್ರಿ ಮಿಸ್?”

ಗಂಟೆ ಹೊಡೆಯಲು ಐದು ನಿಮಿಷ ಉಳಿದಿತ್ತು. ಮೌಲ್ಯಮಾಪನದ ಹಂತ ಇನ್ನೂ ಬಾಕಿ ಇತ್ತು. “ಯಾರೋ ಒದ್ದೆ ಕೈಯಲ್ಲಿ ಮುಟ್ಟಿರಬೇಕು ನೋಡು, ಅದಕ್ಕೇ ಕೆಟ್ಟಿದೆ” ಎಂದುಬಿಟ್ಟೆ. ತರಗತಿ ನಕ್ಕಿತು. ಅವಳು ನಗಲಿಲ್ಲ. ಕೂತಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮಾರ್ಗದರ್ಶಕರು ಏನೋ ಬರೆದುಕೊಂಡರು.

ಎರಡು ದಿನ ಆ ಹುಡುಗಿ ನನ್ನ ಕಡೆ ಸರಿಯಾಗಿ ನೋಡಲಿಲ್ಲ. ಮೂರನೆಯ ದಿನ ಬಿಸಿಯೂಟದ ಹೊತ್ತಿನಲ್ಲಿ ಅವಳ ಗೆಳತಿ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. ಅವರ ಮನೆಯಲ್ಲಿ ವರ್ಷದ ಉಪ್ಪಿನಕಾಯಿ ಜಾಡಿ ಕೆಟ್ಟಿತ್ತು. ‘ಹೊರಗಾದಾಗ ಈಕಿ ಜಾಡಿ ಮುಟ್ಯಾಳ’ ಎಂದು ಅಜ್ಜಿ ಬೈದಿದ್ದರು. ತಾನು ಮುಟ್ಟಿಲ್ಲ ಎಂದರೂ ಯಾರೂ ನಂಬಿರಲಿಲ್ಲ. ಶಾಲೆಯಲ್ಲಿ ಕೇಳಿಕೊಂಡು ಹೋಗಿ ಮನೆಯಲ್ಲಿ ಹೇಳಬೇಕೆಂದು ಅವಳು ಆ ಪ್ರಶ್ನೆ ಕೇಳಿದ್ದಳು. ಅದೇ ತರಗತಿಯಲ್ಲಿ ಓದುವ ಅವಳ ದೊಡ್ಡಪ್ಪನ ಮಗ ಸಂಜೆ ಮನೆಗೆ ಹೋಗಿ, “ಯಾರೋ ಮುಟ್ಟಿದ್ದಕ್ಕ ಕೆಟ್ಟೈತಿ ಅಂತ ಮಿಸ್ಸೂ ಹೇಳಿದ್ರು” ಎಂದಿದ್ದ.

ನನ್ನ ವಾಕ್ಯದಲ್ಲಿದ್ದ ‘ಒದ್ದೆ’ ಎಂಬ ಪದ ದಾರಿಯಲ್ಲಿ ಬಿದ್ದುಹೋಗಿ, ‘ಮುಟ್ಟಿದ್ದು’ ಮಾತ್ರ ಮನೆ ತಲುಪಿತ್ತು.

ನಾನು ಕೊಟ್ಟೂರಿನವಳು. ನಮ್ಮ ಮನೆಯಲ್ಲೂ ಆ ದಿನಗಳಲ್ಲಿ ಉಪ್ಪಿನಕಾಯಿ ಜಾಡಿಯ ಹತ್ತಿರ ಹೋಗುವಂತಿಲ್ಲ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿ ಶಿಲೀಂಧ್ರಗಳ ಚಿತ್ರ ಬರೆದು ಪಾಸಾದವಳು ನಾನು. ಆದರೂ ಆ ನಿಯಮವನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ನಮ್ಮ ಬೋಧನಾಭ್ಯಾಸದ ತಂಡದಲ್ಲಿ ಐವರು. ಉಳಿದ ನಾಲ್ವರು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯವರು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಮಿಕ್ಕವೆಲ್ಲ ನಮ್ಮ ತಂಡದಲ್ಲಿದ್ದವು. ಸಂಜೆ ಬಸ್ಸಿಗೆ ಕಾಯುತ್ತ ಅವರನ್ನು ಕೇಳಿದೆ. ಮೂವರು ಹುಡುಗಿಯರು ‘ನಮ್ಮಲ್ಲೂ ಹಾಗೇ’ ಎಂದರು. ಹಡಗಲಿಯ ಗೆಳತಿ ಮಲ್ಲಿಗೆ ಬಳ್ಳಿಯನ್ನೂ ಮುಟ್ಟಬಾರದು ಎನ್ನುತ್ತಾರೆ ಎಂದಳು. ನಮ್ಮ ಜೊತೆಗಿದ್ದ ಒಬ್ಬನೇ ಹುಡುಗ, ಅಂಥದ್ದೊಂದು ನಿಯಮ ತಮ್ಮ ಮನೆಯಲ್ಲಿ ಇದೆಯೋ ಇಲ್ಲವೋ ತಾನು ಯಾವತ್ತೂ ಗಮನಿಸಿಲ್ಲ ಎಂದ. ಅದೂ ಒಂದು ಉತ್ತರವೇ.

ಅವಳಿಗೆ ಸರಿಯಾದ ಉತ್ತರ ಕೊಡಬೇಕಿತ್ತು. ಅದಕ್ಕೆ ಮೊದಲು ನನಗೇ ಉತ್ತರ ಗೊತ್ತಿರಬೇಕಿತ್ತು. ಅಷ್ಟು ಉಪ್ಪಿನಲ್ಲಿ ಶಿಲೀಂಧ್ರವೊಂದು ಬದುಕುವುದು ಹೇಗೆ? ಕಾಲೇಜಿನ ಗ್ರಂಥಾಲಯದಲ್ಲಿ ಓದಿದೆ, ಸಸ್ಯಶಾಸ್ತ್ರದ ಉಪನ್ಯಾಸಕರನ್ನು ಕೇಳಿದೆ. ತಿಳಿದುಕೊಂಡದ್ದನ್ನು ನನ್ನಂಥ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಡುಗೆ ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಬೇರೆಯಾಗುತ್ತದೆ. ಇದರಿಂದ ಜೀವಕೋಶಕ್ಕೆ ಎರಡು ಕಷ್ಟಗಳು ಬರುತ್ತವೆ. ಮೊದಲನೆಯದು ನಾನು ಪಾಠದಲ್ಲಿ ಹೇಳಿದ್ದು, ಅಭಿಸರಣೆಯಿಂದ ನೀರು ಹೊರಗೆ ಹೋಗುವುದು. ಎರಡನೆಯದನ್ನು ನಾನು ಹೇಳಿರಲೇ ಇಲ್ಲ. ಸೋಡಿಯಂ ಕೋಶದ ಒಳಗೆ ನುಗ್ಗಿ ವಿಷವಾಗುತ್ತದೆ. ಕೋಶದೊಳಗಿನ ಅನೇಕ ಕಿಣ್ವಗಳು ಪೊಟ್ಯಾಸಿಯಂ ಇರುವ ಪರಿಸರದಲ್ಲಿ ಕೆಲಸ ಮಾಡಲು ಹೊಂದಿಕೊಂಡಿವೆ. ಪೊಟ್ಯಾಸಿಯಂ ಇರಬೇಕಾದಲ್ಲಿ ಸೋಡಿಯಂ ತುಂಬಿಕೊಂಡರೆ ಅವುಗಳ ಕೆಲಸ ಕೆಡುತ್ತದೆ.

ಮೊದಲನೆಯ ಕಷ್ಟಕ್ಕೆ ಯೀಸ್ಟ್‌ನಂಥ ಶಿಲೀಂಧ್ರಗಳು ಗ್ಲಿಸರಾಲ್ ತಯಾರಿಸಿ ಒಳಗೆ ತುಂಬಿಕೊಳ್ಳುತ್ತವೆ. ಹೊರಗೆ ಉಪ್ಪು ಹೆಚ್ಚಿದಷ್ಟು ಒಳಗೆ ಗ್ಲಿಸರಾಲ್ ಹೆಚ್ಚಿದರೆ ನೀರು ಹೊರಗೆ ಓಡುವುದು ನಿಲ್ಲುತ್ತದೆ. ಎರಡನೆಯ ಕಷ್ಟವನ್ನು ಎದುರಿಸುವುದು ಕೋಶಪೊರೆಯಲ್ಲಿರುವ ಪ್ರೋಟೀನುಗಳು. ಇವನ್ನು ಸಾಗಣೆ ಪ್ರೋಟೀನುಗಳು ಎಂದು ಕರೆಯಬಹುದು.

ಸಾಮಾನ್ಯ ಬ್ರೆಡ್ ಯೀಸ್ಟ್‌ನ ಒಳಗೆ ಪೊಟ್ಯಾಸಿಯಂ ಸುಮಾರು 200ರಿಂದ 300 ಮಿಲಿಮೋಲಾರ್ ಇರುತ್ತದೆ. ಹೊರಗಿನ ನೀರಿನಲ್ಲಿ ಅದರ ಸಾವಿರದಲ್ಲೊಂದು ಪಾಲು ಇದ್ದರೂ ಯೀಸ್ಟ್ ಬೆಳೆಯಬಲ್ಲದು. ವಿಸರಣೆಯ ನಿಯಮದ ಪ್ರಕಾರ ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗಬೇಕಾದ ಪೊಟ್ಯಾಸಿಯಂ ಇಲ್ಲಿ ಕಡಿಮೆ ಇರುವ ಹೊರಗಿನಿಂದ ಹೆಚ್ಚು ಇರುವ ಒಳಗೆ ಬರುತ್ತದೆ. ಇದಕ್ಕೆ ಕೋಶ ಶಕ್ತಿಯನ್ನು ವೆಚ್ಚ ಮಾಡಬೇಕು.

ಆ ವೆಚ್ಚ ನಡೆಯುವುದು ಪ್ರೋಟಾನ್ ಪಂಪಿನಲ್ಲಿ. ಕೋಶಪೊರೆಯಲ್ಲಿರುವ ಈ ಪಂಪು ಎಟಿಪಿಯ ಶಕ್ತಿ ಬಳಸಿ ಹೈಡ್ರೋಜನ್ ಅಯಾನುಗಳನ್ನು, ಅಂದರೆ ಪ್ರೋಟಾನುಗಳನ್ನು, ಹೊರಗೆ ತಳ್ಳುತ್ತಲೇ ಇರುತ್ತದೆ. ಧನ ಆವೇಶ ಹೊರಗೆ ಹೋದಂತೆ ಕೋಶದ ಒಳಭಾಗ ಋಣವಾಗುತ್ತದೆ. 1960ರ ದಶಕದಲ್ಲಿ ಕ್ಲಿಫರ್ಡ್ ಸ್ಲೇಮನ್ ಅವರು ನ್ಯೂರೋಸ್ಪೋರಾ ಎಂಬ ಕೆಂಪು ಬೂಷ್ಟಿನ ಎಳೆಯೊಳಗೆ ಅತಿ ಸಣ್ಣ ಗಾಜಿನ ವಿದ್ಯುದಗ್ರವನ್ನು ಚುಚ್ಚಿ ಅಳೆದಾಗ ಒಳಗೂ ಹೊರಗೂ ಸುಮಾರು 200 ಮಿಲಿವೋಲ್ಟ್ ವ್ಯತ್ಯಾಸ ಕಂಡುಬಂದಿತು. ಟಾರ್ಚಿನ ಒಂದು ಸೆಲ್ಲಿಗೆ 1.5 ವೋಲ್ಟ್ ಇರುತ್ತದೆ. ಅದರ ಏಳನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ವೋಲ್ಟೇಜನ್ನು ಕಣ್ಣಿಗೆ ಕಾಣದ ಒಂದು ಪೊರೆ ಹಿಡಿದಿಟ್ಟುಕೊಂಡಿದೆ!

ಒಳಗೆ ಋಣ ಇರುವುದರಿಂದ ಧನ ಆವೇಶದ ಪೊಟ್ಯಾಸಿಯಂ ಒಳಗೆ ಸೆಳೆಯಲ್ಪಡುತ್ತದೆ. ಅದಕ್ಕೆ ಪ್ರತ್ಯೇಕ ದಾರಿ ಇದೆ. ಯೀಸ್ಟ್‌ನಲ್ಲಿ ಆ ದಾರಿಯಾಗಿರುವ ಪ್ರೋಟೀನಿನ ಹೆಸರು ಟಿಆರ್‌ಕೆ1. ಅದರ ಜೀನನ್ನು ಬೇರ್ಪಡಿಸಿದ ವರದಿ 1988ರಲ್ಲಿ ಪ್ರಕಟವಾಯಿತು. ಆದರೆ ಸೋಡಿಯಂ ಕೂಡ ಧನ ಆವೇಶದ್ದೇ. ಹೊರಗೆ ಅದು ವಿಪರೀತ ಇದ್ದಾಗ ಸ್ವಲ್ಪ ಸ್ವಲ್ಪವಾಗಿ ಒಳಗೆ ನುಸುಳುತ್ತದೆ. ನುಸುಳಿದ್ದನ್ನು ಹೊರಹಾಕಲು ಇಎನ್‌ಎ1 ಎಂಬ ಪಂಪು ಇದೆ. ಅದೂ ಎಟಿಪಿಯಿಂದ ನಡೆಯುವಂಥದ್ದು. ಮ್ಯಾಡ್ರಿಡ್‌ನ ಅಲೊನ್ಸೊ ರೊಡ್ರೀಗೆಜ್-ನವಾರೊ ಅವರ ತಂಡ 1991ರಲ್ಲಿ ಇದನ್ನು ವರದಿ ಮಾಡಿತು. ಹೊರಗೆ ಉಪ್ಪು ಹೆಚ್ಚಿದಂತೆ ಯೀಸ್ಟ್ ಈ ಪಂಪನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಹುಳಿ ಇರುವ ಪರಿಸರದಲ್ಲಿ ಎನ್‌ಎಚ್‌ಎ1 ಎಂಬ ಇನ್ನೊಂದು ಪ್ರೋಟೀನು ನೆರವಾಗುತ್ತದೆ. ಹೊರಗಿನಿಂದ ಪ್ರೋಟಾನು ಒಳಗೆ ಬರುವ ರಭಸವನ್ನೇ ಬಳಸಿಕೊಂಡು ಅದು ಸೋಡಿಯಂ ಅನ್ನು ಹೊರಗೆ ಕಳಿಸುತ್ತದೆ. ಉಪ್ಪಿನಕಾಯಿ ಉಪ್ಪೂ ಹೌದು, ಹುಳಿಯೂ ಹೌದು ಎಂಬುದನ್ನು ಇಲ್ಲಿ ನೆನಪಿಡಬೇಕು.

ಎಲ್ಲ ಶಿಲೀಂಧ್ರಗಳ ಶಕ್ತಿ ಒಂದೇ ಅಲ್ಲ. ಬ್ರೆಡ್ ಯೀಸ್ಟ್ ಉಪ್ಪು ಹೆಚ್ಚಾದರೆ ಸೋಲುತ್ತದೆ. ಸಮುದ್ರದಲ್ಲಿ, ಚೀಸ್‌ನಲ್ಲಿ, ಉಪ್ಪುನೀರಿನಲ್ಲಿ ನೆನೆಹಾಕಿದ ಆಹಾರದಲ್ಲಿ ಸಿಗುವ ಡೆಬರಿಯೊಮೈಸಿಸ್ ಹ್ಯಾನ್ಸೆನಿ ಎಂಬ ಯೀಸ್ಟ್ ಸುಮಾರು 4 ಮೋಲಾರ್ ಉಪ್ಪಿನಲ್ಲೂ ಬೆಳೆಯಬಲ್ಲದು. ಲೆಕ್ಕ ಹಾಕಿದರೆ ಅದು ಲೀಟರಿಗೆ 234 ಗ್ರಾಂ ಉಪ್ಪು. ಉಪ್ಪಿನ ಮೇಲೆ ಬಿಳಿ ಪೊರೆ ಕಟ್ಟುವುದು ಇಂಥ, ಉಪ್ಪು ತಾಳುವ ಯೀಸ್ಟ್‌ಗಳು. ಇವುಗಳಿಗೆ ಗಾಳಿ ಬೇಕು. ಆದ್ದರಿಂದಲೇ ಮೇಲೆ ಎಣ್ಣೆ ನಿಂತಿರುವ ಜಾಡಿಯಲ್ಲಿ ಪೊರೆ ಕಟ್ಟುವುದು ಕಷ್ಟ, ಹೋಳು ಎಣ್ಣೆಯಿಂದ ಮೇಲೆ ಬಂದರೆ ಸುಲಭ.

ಇಷ್ಟು ಓದಿದ ಮೇಲೆ ನನ್ನ ಹಳೆಯ ಪಾಠಯೋಜನೆಯನ್ನು ತೆಗೆದು ನೋಡಿದೆ. ‘ಕೋಶಪೊರೆಯು ಜರಡಿಯಂತೆ ಕೆಲಸ ಮಾಡುತ್ತದೆ’ ಎಂದು ಬರೆದಿದ್ದೆ. ನನಗೆ ಪಾಠ ಹೇಳಿದವರೂ ಜರಡಿಯನ್ನೇ ಹೇಳಿದ್ದರು. ಈ ಹೋಲಿಕೆ ಎಷ್ಟು ದಾರಿ ತಪ್ಪಿಸುತ್ತದೆ ಎಂದು ಆಗ ಹೊಳೆಯಿತು. ಜರಡಿ ಸಣ್ಣದನ್ನು ಬಿಟ್ಟು ದೊಡ್ಡದನ್ನು ತಡೆಯುತ್ತದೆ. ಅಯಾನುಗಳ ಗಾತ್ರ ನೋಡಿದರೆ ಪೊಟ್ಯಾಸಿಯಂನ ತ್ರಿಜ್ಯ ಸುಮಾರು 1.38 ಆಂಗ್‌ಸ್ಟ್ರಾಂ, ಸೋಡಿಯಂನದು ಸುಮಾರು 1.02. ಕೋಶಪೊರೆ ದೊಡ್ಡದನ್ನು ಬರಮಾಡಿಕೊಂಡು ಸಣ್ಣದನ್ನು ಹೊರಗಿಡುತ್ತದೆ. ಜರಡಿಗೆ ಖರ್ಚಿಲ್ಲ, ಕೋಶಪೊರೆಗೆ ಪ್ರತಿ ಕ್ಷಣವೂ ಖರ್ಚು. ಜರಡಿಯಿಂದ ಬಿದ್ದದ್ದು ತಾನಾಗಿ ಹಿಂದಿರುಗುವುದಿಲ್ಲ, ಕೋಶದೊಳಗೆ ಸೋಡಿಯಂ ಮತ್ತೆ ಮತ್ತೆ ನುಸುಳುತ್ತದೆ, ಪಂಪು ಮತ್ತೆ ಮತ್ತೆ ಹೊರಹಾಕುತ್ತದೆ.

ಹಾಗಾದರೆ ಯಾವ ಹೋಲಿಕೆ ಕೊಡಬೇಕು? ಉತ್ತರ ನಮ್ಮ ಮನೆಯಲ್ಲೇ ಸಿಕ್ಕಿತು. ನೀರಿನ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿ. ಕೊಡ ಸಿಂಬಿಯ ಮೇಲೆ ಸುತ್ತಲೂ ತಾಗಿ ಗಟ್ಟಿಯಾಗಿ ಕೂರುತ್ತದೆ. ಅದೇ ಸಿಂಬಿಯ ಮೇಲೆ ಸಣ್ಣ ತಂಬಿಗೆ ಇಟ್ಟರೆ ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ತಾಗುವುದಿಲ್ಲ, ವಾಲುತ್ತದೆ. ಅಯಾನುಗಳು ನೀರಿನಲ್ಲಿ ಇರುವಾಗ ನೀರಿನ ಅಣುಗಳು ಅವನ್ನು ಸುತ್ತುವರಿದಿರುತ್ತವೆ. ಪೊಟ್ಯಾಸಿಯಂನ ದಾರಿಯಲ್ಲಿ ಪ್ರೋಟೀನಿನ ಆಮ್ಲಜನಕ ಪರಮಾಣುಗಳು ಸಿಂಬಿಯಂತೆ ಸುತ್ತಲೂ ಇವೆ. ಪೊಟ್ಯಾಸಿಯಂ ತನ್ನ ನೀರನ್ನು ಬಿಟ್ಟು ಅಲ್ಲಿ ಸರಿಯಾಗಿ ಕೂರುತ್ತದೆ. ಸಣ್ಣ ಸೋಡಿಯಂಗೆ ಆ ಆಸರೆ ಸಾಲದು, ಅದು ನೀರಿನ ಜೊತೆಯಲ್ಲೇ ಉಳಿಯುತ್ತದೆ. ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಕಾಲುವೆಯ ರಚನೆಯನ್ನು 1998ರಲ್ಲಿ ತೋರಿಸಿ ಈ ಒಗಟನ್ನು ಬಿಡಿಸಿದವರು ರೊಡೆರಿಕ್ ಮೆಕಿನನ್. ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಶಿಲೀಂಧ್ರಗಳ ಟಿಆರ್‌ಕೆ ಪ್ರೋಟೀನುಗಳ ರಚನೆಗೂ ಆ ಕಾಲುವೆಗೂ ಹೋಲಿಕೆ ಇದೆ.

ಮಾರ್ಗದರ್ಶಕರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅದೇ ತರಗತಿಗೆ ಇನ್ನೊಂದು ಪಾಠ ಮಾಡಲು ಅನುಮತಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಷರಾ ಬರೆದವನು ನಾನೇ ಅಲ್ಲವೇನಮ್ಮ” ಎಂದರು. ಶಾಲೆಯ ವಿಜ್ಞಾನ ಶಿಕ್ಷಕಿ ಎರಡು ಅವಧಿಗಳನ್ನು ಬಿಟ್ಟುಕೊಟ್ಟರು.

ಪಾಠಕ್ಕೆ ಹತ್ತು ದಿನ ಮುಂಚೆ ಮನೆಯಲ್ಲಿ ಮೂರು ಸಣ್ಣ ಗಾಜಿನ ಬಾಟಲಿಗಳನ್ನು ಕುದಿಸಿ ಒಣಗಿಸಿ ಉಪ್ಪಿನಕಾಯಿ ಹಾಕಿದೆ. ಒಂದನೆಯದಕ್ಕೆ ಸರಿಯಾದ ಉಪ್ಪು, ಮೇಲೆ ಒಂದು ಬೆರಳು ಎಣ್ಣೆ. ಹಾಕಿ ಮುಚ್ಚಿ ಇಟ್ಟೆ. ಎರಡನೆಯದಕ್ಕೆ ಉಪ್ಪು ಕಡಿಮೆ, ಎಣ್ಣೆ ಇಲ್ಲ, ಮೂರು ಚಮಚ ನೀರು. ಅದನ್ನೂ ಮುಚ್ಚಿ ಇಟ್ಟೆ, ಯಾರೂ ಮುಟ್ಟಲಿಲ್ಲ. ಮೂರನೆಯದು ಒಂದನೆಯದರಂತೆಯೇ. ಆದರೆ ನನಗೆ ಮುಟ್ಟಾದ ದಿನಗಳಲ್ಲಿ ದಿನವೂ ಅದರ ಮುಚ್ಚಳ ತೆಗೆದು, ಒಣಗಿದ ಕೈಯಿಂದ ಒಣಗಿದ ಚಮಚ ಹಿಡಿದು ಒಂದೊಂದು ಹೋಳು ತೆಗೆದೆ. ಇದನ್ನು ಅಮ್ಮನಿಗೆ ಹೇಳಿಯೇ ಮಾಡಿದೆ. ಅಮ್ಮ ಬೇಡ ಎನ್ನಲಿಲ್ಲ. “ಆ ಬಾಟ್ಲಿ ಬ್ಯಾರೆ ಇಡು” ಎಂದಳು ಅಷ್ಟೇ.

ಪಾಠದ ದಿನ ಗೊಬ್ಬರದ ಖಾಲಿ ಚೀಲವೊಂದನ್ನು ಹಿಡಿದು ತರಗತಿಗೆ ಹೋದೆ. ಮೆಕ್ಕೆಜೋಳ ಮತ್ತು ಶೇಂಗಾ ಬೆಳೆಯುವ ಮನೆಗಳ ಮಕ್ಕಳು. 10:26:26 ಎಂದರೆ ಏನು ಎಂದು ಕೇಳಿದೆ. ಮೂರನೆಯ ಸಂಖ್ಯೆ ‘ಪೊಟ್ಯಾಷ್’ ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಬೆಳೆಗೆ ಪೊಟ್ಯಾಷ್ ಹಾಕುತ್ತೇವೆ, ಅಡುಗೆ ಉಪ್ಪನ್ನು ಹೊಲಕ್ಕೆ ಏಕೆ ಹಾಕುವುದಿಲ್ಲ ಎಂದು ಕೇಳಿದೆ. “ಬೆಳಿ ಸುಡ್ತೈತ್ರಿ” ಎಂದ ಒಬ್ಬ. ಪೊಟ್ಯಾಸಿಯಂ ಮತ್ತು ಸೋಡಿಯಂ ಅಕ್ಕತಂಗಿಯರ ಹಾಗೆ ಇದ್ದರೂ ಜೀವಕೋಶ ಒಬ್ಬಳನ್ನು ಕರೆದುಕೊಂಡು ಇನ್ನೊಬ್ಬಳನ್ನು ಕಳಿಸಿಬಿಡುತ್ತದೆ ಎಂಬ ಸಮಸ್ಯೆಗೆ ಬರಲು ಅಷ್ಟು ಸಾಕಾಯಿತು.

ಆಮೇಲೆ ಆಟ. ತರಗತಿಯ ಕೋಣೆಯೇ ಯೀಸ್ಟ್ ಕೋಶ. ಒಂದು ಬಾಗಿಲಲ್ಲಿ ಇಬ್ಬರು ಪ್ರೋಟಾನ್ ಪಂಪು. ಅವರು ಕೆಂಪು ಚೀಟಿಗಳನ್ನು ಹೊರಗೆ ಎಸೆಯಬೇಕು, ಒಂದು ಚೀಟಿ ಎಸೆಯಲು ಬೋಗುಣಿಯಿಂದ ಒಂದು ಶೇಂಗಾ ಕಾಳು ಕೊಡಬೇಕು. ಶೇಂಗಾ ಎಂದರೆ ಎಟಿಪಿ. ಇನ್ನೊಂದು ಬಾಗಿಲಲ್ಲಿ ಸಿಂಬಿ ಇಟ್ಟುಕೊಂಡು ಒಬ್ಬಳು ನಿಂತಳು. ಹೊರಗಿನಿಂದ ಕೊಡ ಮತ್ತು ತಂಬಿಗೆ ಹಿಡಿದ ಮಕ್ಕಳು ಬರುತ್ತಾರೆ. ಸಿಂಬಿಯ ಮೇಲೆ ಗಟ್ಟಿಯಾಗಿ ಕೂತದ್ದಕ್ಕೆ ಒಳಗೆ ಪ್ರವೇಶ. ಕಿಟಕಿಯಿಂದ ಮೂವರು ತಂಬಿಗೆಯವರು ಆಗಾಗ ನುಸುಳುತ್ತಾರೆ. ಅವರನ್ನು ಹೊರಗೆ ಕಳಿಸಲು ಇನ್ನಿಬ್ಬರು, ಅವರಿಗೂ ತಲೆಗೊಂದು ಶೇಂಗಾ. ಹತ್ತು ನಿಮಿಷ ಗದ್ದಲವೋ ಗದ್ದಲ. ಬೋಗುಣಿ ಖಾಲಿಯಾದಾಗ ಎಲ್ಲರೂ ನಿಂತರು, ತಂಬಿಗೆಯವರು ಕೋಣೆ ತುಂಬಿದರು. “ಮಿಸ್, ಸಕ್ಕರಿ ತಿಂದ್ರ ಶೇಂಗಾ ಮತ್ತ ಬರ್ತಾವೇನ್ರಿ?” ಎಂದು ಒಬ್ಬ ಕೇಳಿದ. ಉಸಿರಾಟದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಬರೆಯಲು ಬರುತ್ತಿರಲಿಲ್ಲ.

ಎರಡನೆಯ ಅವಧಿಯಲ್ಲಿ ಪ್ರಯೋಗ. ಬೇಕರಿಯಿಂದ ತಂದ ಯೀಸ್ಟನ್ನು ಮೂರು ನೀರಿನ ಬಾಟಲಿಗಳಿಗೆ ಸಮವಾಗಿ ಹಾಕಿ, 200 ಮಿಲಿಲೀಟರ್ ಉಗುರುಬೆಚ್ಚಗಿನ ನೀರು, ಎರಡು ಚಮಚ ಸಕ್ಕರೆ ಬೆರೆಸಿದೆವು. ಒಂದಕ್ಕೆ ಉಪ್ಪಿಲ್ಲ, ಒಂದಕ್ಕೆ ಎರಡು ಚಮಚ, ಒಂದಕ್ಕೆ ಆರು ಚಮಚ. ಬಾಯಿಗೆ ಬಲೂನು ಕಟ್ಟಿದೆವು. ಉಪ್ಪಿಲ್ಲದ ಬಲೂನು ಮೊದಲು ಎದ್ದು ನಿಂತಿತು, ಎರಡನೆಯದು ತಡವಾಗಿ ಸ್ವಲ್ಪ ಉಬ್ಬಿತು, ಮೂರನೆಯದು ಜೋತುಬಿದ್ದೇ ಇತ್ತು. ಎರಡು ಚಮಚ ಉಪ್ಪಿನಲ್ಲೂ ಯೀಸ್ಟ್ ಸತ್ತಿರಲಿಲ್ಲ ಎಂಬುದನ್ನು ಮಕ್ಕಳೇ ಹೇಳಿದರು. ನಾನು ಹಿಂದೆ ಹಲಗೆಯ ಮೇಲೆ ಬರೆದಿದ್ದ ‘ಕೊಲ್ಲುತ್ತದೆ’ ಎಂಬ ಪದವನ್ನು ‘ಬೆಳವಣಿಗೆಯನ್ನು ತಡೆಯುತ್ತದೆ, ಎಷ್ಟು ತಡೆಯುತ್ತದೆ ಎಂಬುದು ಉಪ್ಪಿನ ಪ್ರಮಾಣ ಮತ್ತು ಜೀವಿಯ ಮೇಲೆ ನಿಂತಿದೆ’ ಎಂದು ತಿದ್ದಿಸಿದೆ. ಬಲೂನು ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಹೇಳಿದೆ. ಯೀಸ್ಟ್ ನಿಧಾನವಾದದ್ದು ನೀರು ಕಳೆದುಕೊಂಡಿದ್ದರಿಂದಲೋ ಸೋಡಿಯಂ ಒಳನುಗ್ಗಿದ್ದರಿಂದಲೋ ಎಂದು ಬಲೂನು ನೋಡಿ ಬೇರ್ಪಡಿಸಲು ಬರುವುದಿಲ್ಲ.

ಕೊನೆಗೆ ಉಪ್ಪಿನಕಾಯಿಯ ಮೂರು ಬಾಟಲಿಗಳನ್ನು ಮೇಜಿನ ಮೇಲೆ ಇಟ್ಟೆ. ಎರಡನೆಯದರ ಮೇಲೆ ಬಿಳಿ ಪೊರೆ ಕಟ್ಟಿತ್ತು. ಒಂದು ಮತ್ತು ಮೂರು ಚೆನ್ನಾಗಿದ್ದವು. ಬಿಳಿ ಪೊರೆಯನ್ನು ಸ್ವಲ್ಪ ತೆಗೆದು ಗಾಜಿನ ಪಟ್ಟಿಯ ಮೇಲೆ ಹಾಕಿ ಶಾಲೆಯ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆವು. ಮೂತಿ ಹಾಕಿ ನೋಡಲು ಸಾಲು ನಿಂತರು. ಮೊಟ್ಟೆಯಾಕಾರದ ಕೋಶಗಳು, ಕೆಲವಕ್ಕೆ ಪಕ್ಕದಲ್ಲಿ ಮೊಗ್ಗು. ಯಾರೂ ಮೂಸಬಾರದು, ರುಚಿ ನೋಡಬಾರದು ಎಂದು ಮೊದಲೇ ಎಚ್ಚರಿಸಿದ್ದೆ.

ಆಗ ಮೂರು ಬಾಟಲಿಗಳಿಗೆ ಏನೇನು ಮಾಡಿದ್ದೆ ಎಂದು ಹೇಳಬೇಕಿತ್ತು. ನನ್ನ ಗಂಟಲು ಒಣಗಿತು. ಗಂಡುಮಕ್ಕಳೂ ಇರುವ ತರಗತಿ, ಹಿಂದೆ ಮಾರ್ಗದರ್ಶಕರು. ಹದಿಹರೆಯದ ಪಾಠವನ್ನು ಇದೇ ಪುಸ್ತಕದಲ್ಲಿ ಈ ಮಕ್ಕಳೇ ಓದಬೇಕಲ್ಲ ಎಂದು ಧೈರ್ಯ ತಂದುಕೊಂಡು ಹೇಳಿದೆ: “ಎರಡನೆಯದನ್ನು ಯಾರೂ ಮುಟ್ಟಿಲ್ಲ, ಅದು ಕೆಟ್ಟಿದೆ. ಮೂರನೆಯದನ್ನು ನಾನು ಮುಟ್ಟಾಗಿದ್ದಾಗ ದಿನಾ ಮುಟ್ಟಿದ್ದೇನೆ, ಅದು ಚೆನ್ನಾಗಿದೆ.”

ತರಗತಿ ನಿಶ್ಶಬ್ದವಾಯಿತು. ಯಾರೂ ನಗಲಿಲ್ಲ. ಮುಂದುವರಿಸಿದೆ: “ಬೂಷ್ಟಿನ ಬೀಜಾಣು, ಯೀಸ್ಟ್ ಕೋಶ ಗಾಳಿಯಲ್ಲಿ ಇರುತ್ತವೆ, ಮಾವಿನಕಾಯಿಯ ಸಿಪ್ಪೆಯ ಮೇಲೆ ಇರುತ್ತವೆ. ನೀರು ಸೇರಿ ಉಪ್ಪು ತೆಳುವಾದರೆ, ಮೇಲೆ ಎಣ್ಣೆ ಕಡಿಮೆಯಾದರೆ ಅವು ಬೆಳೆಯುತ್ತವೆ. ಕೈ ಒದ್ದೆಯಾಗಿದ್ದರೆ ಯಾರ ಕೈಯಾದರೂ ಒಂದೇ. ಅಪ್ಪನ ಕೈಯೂ ಸರಿ, ಅಣ್ಣನ ಕೈಯೂ ಸರಿ. ಹೋದ ಸಲ ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರ್ಧ ಉತ್ತರ. ತಪ್ಪು ನನ್ನದು.” ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಮೂರೇ ಬಾಟಲಿಗಳಿಂದ ದೊಡ್ಡ ತೀರ್ಮಾನ ಮಾಡಬಾರದು, ಇದನ್ನು ಇನ್ನೂ ಹಲವು ಬಾಟಲಿಗಳಲ್ಲಿ ಮಾಡಿ ನೋಡಬೇಕು ಎಂದೂ ಹೇಳಿದೆ. “ನಮ್ಮನಿಯೊಳಗ ಮಾಡಿ ನೋಡ್ತೀವ್ರಿ” ಎಂದು ಹಿಂದಿನ ಸಾಲಿನಿಂದ ದನಿ ಬಂತು.

ಕೊನೆಯ ಪ್ರಶ್ನೆ ಒಬ್ಬ ಹುಡುಗನದು: “ಜ್ವಾಳದ ತೆನಿಗೆ ಬರೋ ಕಾಡಿಗಿನೂ ಬೂಷ್ಟೇ ಏನ್ರಿ? ಅದಕ್ಕೂ ಪೊಟ್ಯಾಷ್ ಬೇಕೇನ್ರಿ?” ಈ ಬಾರಿ ಉತ್ತರ ಗೊತ್ತಿತ್ತು. ಜೋಳದ ಕಾಡಿಗೆ ರೋಗವೂ ಶಿಲೀಂಧ್ರದಿಂದಲೇ. ಬಿತ್ತುವ ಬೀಜಕ್ಕೆ ಗಂಧಕದ ಪುಡಿ ಹಚ್ಚುವುದು ಅದನ್ನು ತಡೆಯಲೆಂದೇ. ಮೆಕ್ಕೆಜೋಳಕ್ಕೆ ಕಾಡಿಗೆ ತರುವ ಅದರ ಹತ್ತಿರದ ಸಂಬಂಧಿ ಉಸ್ಟಿಲಾಗೊ ಮೇಡಿಸ್‌ನಲ್ಲಿ ಪೊಟ್ಯಾಸಿಯಂ ಅಥವಾ ಸೋಡಿಯಂ ಅನ್ನು ಎಟಿಪಿ ಬಳಸಿ ಒಳಕ್ಕೇ ಎಳೆದುಕೊಳ್ಳುವ ಪಂಪು ಇದೆ ಎಂದು 2004ರಲ್ಲಿ ವರದಿಯಾಯಿತು. ಪೊಟ್ಯಾಸಿಯಂ ಸಿಗದೆ ಬರಗಾಲ ಬಿದ್ದಾಗ ಕೆಲವು ಶಿಲೀಂಧ್ರಗಳು ಸೋಡಿಯಂನಿಂದಲೇ ಸ್ವಲ್ಪ ಮಟ್ಟಿಗೆ ಕೆಲಸ ಸಾಗಿಸುತ್ತವೆ. ಹೊರಹಾಕುವ ಸೋಡಿಯಂ ಇನ್ನೊಂದು ಸಂದರ್ಭದಲ್ಲಿ ಬೇಕಾದದ್ದೂ ಆಗಬಹುದು ಎಂದಾಗ ಆ ಹುಡುಗ, “ಅಂದ್ರ ಕಿಟಕ್ಯಾಗಿಂದ ಬಂದೋರ್ನ ಒಮ್ಮೊಮ್ಮೆ ಬಾಗಿಲ ತೆಗದು ಕರೀತಾರ” ಎಂದ. ಆಟ ಅವನಿಗೆ ಸರಿಯಾಗಿ ಅರ್ಥವಾಗಿತ್ತು.

ಒಂದು ವಾರದ ನಂತರ ಆ ಹುಡುಗಿ ತಾನಾಗಿಯೇ ಬಂದು ಮಾತಾಡಿಸಿದಳು. ಅವಳೂ ಅವಳ ದೊಡ್ಡಪ್ಪನ ಮಗನೂ ಸೇರಿ ಮನೆಯಲ್ಲಿ ಬಾಟಲಿಗಳ ಕಥೆ ಹೇಳಿದ್ದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಹೊಸ ಜಾಡಿಗೆ ಎಣ್ಣೆ ಇನ್ನೊಂದು ಬೆರಳು ಹೆಚ್ಚು ಹಾಕಿದರಂತೆ. “ಬೈಯೋದು ಬಿಟ್ಟಾರ್ರಿ ಮಿಸ್. ಆದ್ರ ಆ ದಿನದಾಗ ಜಾಡಿ ಮುಟ್ಟಾಕ ಇನ್ನೂ ಬಿಡಂಗಿಲ್ರಿ” ಎಂದಳು. ನಾನು ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲೂ ಮೂರನೆಯ ಬಾಟಲಿಯನ್ನು ನಾನೊಬ್ಬಳೇ ತಿಂದು ಮುಗಿಸಿದ್ದು.

ಈ ಅನುಭವದಿಂದ ನನ್ನ ಪಾಠಯೋಜನೆಯಲ್ಲಿ ಎರಡು ಬದಲಾವಣೆ ಮಾಡಿಕೊಂಡಿದ್ದೇನೆ. ಹೋಲಿಕೆ ಬರೆಯುವಾಗ ಅದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಪಕ್ಕದಲ್ಲಿ ಎರಡು ಸಾಲು ಬರೆಯುತ್ತೇನೆ. ಜರಡಿಯ ಪಾಠ ಅದು. ಮತ್ತೊಂದು, ಮಗು ಮನೆಯ ಸಂಗತಿ ಹಿಡಿದು ಪ್ರಶ್ನೆ ಕೇಳಿದರೆ, ಗಂಟೆ ಹೊಡೆಯುವುದರಲ್ಲಿದ್ದರೂ, “ಯಾಕೆ ಕೇಳಿದೆ?” ಎಂದು ಮೊದಲು ಕೇಳುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಹೇಳುತ್ತೇನೆ ಎನ್ನುತ್ತೇನೆ. ಆ ದಿನ ಹಾಗೆ ಹೇಳಿದ್ದರೆ ಅವಲೋಕನ ಪುಸ್ತಕದಲ್ಲಿ ಒಂದು ಅಂಕ ಕಡಿಮೆ ಬರುತ್ತಿತ್ತೇನೋ. ಆ ಹುಡುಗಿಗೆ ಇನ್ನೆರಡು ದಿನದ ಬೈಗುಳ ತಪ್ಪುತ್ತಿತ್ತು.